ಸಾಹಸಶಬ್ದವೂ ನದೀಮರ್ಯಾದೆಯೂ: ಕಾವೇರಿಯ ಉಗಮಪ್ರದೇಶದ ಪ್ರವಾಸವಿಚಾರ

೧. ವಿಷಯೋಪಕ್ರಮ

ಕೊಡಗಿನ ಹೊಳೆಗಳಲ್ಲಿಯೂ ಬೆಟ್ಟಗಳಲ್ಲಿಯೂ ಕೆಲವು ದಶಕಗಳಿಂದೀಚೆಗೆ ಬಳಕೆಗೆ ಬಂದಿರುವ ಒಂದು ಬಗೆಯ ವಿಹಾರಕ್ಕೆ ‘ಸಾಹಸಪ್ರವಾಸ’ವೆಂಬ ಹೆಸರು ರೂಢವಾಗಿದೆ. ಮಳೆಗಾಲದ ನೊರೆನೀರಿನಲ್ಲಿ ರಬ್ಬರಿನ ತೆಪ್ಪವನ್ನು ಇಳಿಯಬಿಡುವುದು, ಕಡಿದಾದ ಬೆಟ್ಟವನ್ನು ಕಾಲ್ನಡಿಗೆಯಿಂದ ಏರುವುದು, ಹುಲ್ಲುಗಾವಲಿನ ನೆತ್ತಿಗೆ ಜೀಪಿನಲ್ಲಿ ಹತ್ತುವುದು, ಹೊಳೆಯ ದಡದಲ್ಲಿ ಡೇರೆ ಹೂಡಿ ತಂಗುವುದು, ಇವೆಲ್ಲವೂ ಈ ಒಂದು ಹೆಸರಿನೊಳಗೆ ಅಡಗುತ್ತವೆ. ಇದರಿಂದ ಬೆಟ್ಟಕ್ಕೂ ಹೊಳೆಗೂ ಹಾನಿಯೆಂದು ಒಂದು ಪಕ್ಷದವರು ಹೇಳುತ್ತಾರೆ. ಇದು ನಿಂತರೆ ನಾಡಿನ ಜನರ ಅನ್ನ ಹೋಯಿತೆಂದು ಮತ್ತೊಂದು ಪಕ್ಷದವರು ಹೇಳುತ್ತಾರೆ. ಉಭಯರನ್ನೂ ಸಮಾಧಾನಪಡಿಸುವ ಇಚ್ಛೆಯಿಂದ ‘ಸಮತೋಲ’ವೆಂಬ ಮಾತು ಆಡಲ್ಪಡುತ್ತದೆ. ಆದರೆ ತಕ್ಕಡಿಯ ಎರಡು ತಟ್ಟೆಗಳಲ್ಲಿ ಏನೇನನ್ನು ಇಟ್ಟು ತೂಗುತ್ತಿದ್ದೇವೆಂಬುದು ನಿಶ್ಚಯವಾಗದಿದ್ದಲ್ಲಿ ಸಮತೋಲವೆಂಬುದು ಬರಿಯ ಮಾತಾಗಿಯೇ ಉಳಿಯುತ್ತದೆ.

ಪ್ರಕೃತ ಲೇಖನದ ಉದ್ದೇಶವಿಷ್ಟೆ: ‘ಸಾಹಸ’, ‘ತೀರ್ಥ’ ಎಂಬ ಎರಡು ಶಬ್ದಗಳನ್ನು ನಮ್ಮ ಶಾಸ್ತ್ರಗ್ರಂಥಗಳು ಯಾವ ಅರ್ಥದಲ್ಲಿ ವ್ಯವಹರಿಸಿವೆಯೆಂಬುದನ್ನು ವಿಚಾರಿಸಿ, ಆ ವಿಚಾರವು ಕಾವೇರಿಯ ಉಗಮಪ್ರದೇಶದ ಇಂದಿನ ಪ್ರಶ್ನೆಗೆ ಎಷ್ಟರ ಮಟ್ಟಿಗೆ ಬೆಳಕನ್ನು ಕೊಡುತ್ತದೆಂದು ತೋರಿಸುವುದು. ಶಬ್ದವನ್ನು ಪಾಠಹೇಳತಕ್ಕವರಿಗೆ ಹೊಳೆಯ ಚಿಂತೆ ಏತಕ್ಕೆಂದು ಶಂಕಿಸುವವರು ಇರಬಹುದು. ಒಂದೇ ಹೆಸರಿನ ಕೆಳಗೆ ಬೇರೆಬೇರೆ ಪದಾರ್ಥಗಳು ಸೇರಿಹೋದಾಗ ಅವನ್ನು ಬಿಡಿಸಿ ಹೇಳುವುದು ಶಬ್ದವಿದರ ಕರ್ತವ್ಯವೇ ಆಗಿದೆಯಷ್ಟೆ.

೨. ಸಾಹಸವೆಂದರೇನು?

ಕನ್ನಡದಲ್ಲಿ ‘ಸಾಹಸ’ವು ಪ್ರಶಂಸಾವಾಚಕವಾದ ಪದ. ರನ್ನನು ತನ್ನ ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮಸೇನನೊಡನೆ ಅಭೇದವಾಗಿ ಕಂಡು ರಚಿಸಿದ ಗದಾಯುದ್ಧಕ್ಕೆ ‘ಸಾಹಸಭೀಮವಿಜಯ’ವೆಂದು ಹೆಸರಿಟ್ಟನು. ಅಂದಿನಿಂದ ಇಂದಿನ ವರೆಗೆ, ಪ್ರಾಣವನ್ನು ಲಕ್ಷಿಸದೆ ಕಾರ್ಯಕ್ಕೆ ನುಗ್ಗುವ ಧೈರ್ಯವೇ ನಮಗೆ ಸಾಹಸ. ಆದರೆ ಧರ್ಮಶಾಸ್ತ್ರದ ವ್ಯವಹಾರಕಾಂಡವನ್ನು ಓದಿದವರಿಗೆ ಈ ಪದದ ಇನ್ನೊಂದು ಮುಖವು ಪರಿಚಿತವಾಗಿದೆ. ಮನುವು ಹೇಳುವ ೧೮ ವ್ಯವಹಾರಪದಗಳಲ್ಲಿ ಸಾಹಸವೂ ಒಂದು. ಅಲ್ಲಿ ಅದು ಗುಣವಲ್ಲ, ಅಪರಾಧ. ‘ಸಹಸ್’ ಎಂದರೆ ಬಲ; ಬಲದ ಗರ್ವದಿಂದ ಮಾಡಿದ ಕಾರ್ಯವು ಸಾಹಸವೆಂದು ನಿರ್ವಚನ. ಅಪರಾಧದ ತಾರತಮ್ಯವನ್ನನುಸರಿಸಿ ದಂಡಕ್ಕೂ ಪ್ರಥಮಸಾಹಸ, ಮಧ್ಯಮಸಾಹಸ, ಉತ್ತಮಸಾಹಸವೆಂಬ ಹೆಸರುಗಳು ಬಂದವು. ಮನುವಿನ ಮತದಲ್ಲಿ ಇವು ಕ್ರಮವಾಗಿ ೨೫೦, ೫೦೦, ೧೦೦೦ ಪಣಗಳು.

ಯಾಜ್ಞವಲ್ಕ್ಯನು ಕೊಡುವ ಲಕ್ಷಣವು ನಮ್ಮ ಪ್ರಕೃತಕ್ಕೆ ಇನ್ನೂ ಹತ್ತಿರವಾದುದು. ಸಾಮಾನ್ಯವಾದ, ಎಂದರೆ ಒಬ್ಬನಿಗೇ ಸೇರದ ದ್ರವ್ಯವನ್ನು ಬಲಾತ್ಕಾರದಿಂದ ತೆಗೆದುಕೊಳ್ಳುವುದು ಸಾಹಸವೆಂಬುದು ಅವನ ಅಭಿಪ್ರಾಯ. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನವನು. ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣನಗರದಲ್ಲಿದ್ದವನು. ಇದೇ ಪ್ರಕರಣದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಸಾಹಸವನ್ನು ತಾನು ಮಾಡದೆ ಇತರರಿಂದ ಮಾಡಿಸಿದವನಿಗೆ ಇಮ್ಮಡಿಯಾದ ದಂಡವನ್ನೂ, ‘ಆಗುವ ಹಣವನ್ನು ನಾನು ಕೊಡುತ್ತೇನೆ, ನೀನು ಮಾಡು’ ಎಂದು ಪ್ರೇರಿಸಿದವನಿಗೆ ನಾಲ್ಮಡಿಯಾದ ದಂಡವನ್ನೂ ಅಲ್ಲಿ ವಿಧಿಸಿದೆ. ಈ ಅಂಶವನ್ನು ವಾಚಕರು ಮನಸ್ಸಿನಲ್ಲಿಟ್ಟಿರಬೇಕು. ಮುಂದೆ ಇದರ ಉಪಯೋಗವಿದೆ.

ಒಂದೇ ಪದವು ಕಾವ್ಯದಲ್ಲಿ ಸ್ತುತಿಯೂ ಶಾಸ್ತ್ರದಲ್ಲಿ ನಿಂದೆಯೂ ಆಗುವುದು ಹೇಗೆ? ಎರಡು ಕಡೆಗಳಲ್ಲಿಯೂ ಬಲಪ್ರಯೋಗವು ಸಮಾನವಾಗಿದೆ. ಭೇದವಿರುವುದು ಅಪಾಯವನ್ನು ಹೊರತಕ್ಕವರು ಯಾರೆಂಬುದರಲ್ಲಿ. ಕಾವ್ಯದ ಸಾಹಸಿಯು ತನ್ನ ಪ್ರಾಣವನ್ನು ಪಣವಾಗಿ ಒಡ್ಡುತ್ತಾನೆ. ವ್ಯವಹಾರಪದದ ಸಾಹಸಿಕನು ಪರರ ಪ್ರಾಣವನ್ನೋ ಎಲ್ಲರಿಗೂ ಸೇರಿದ ದ್ರವ್ಯವನ್ನೋ ಒಡ್ಡುತ್ತಾನೆ. ಈ ಒಂದು ಭೇದವು ಗ್ರಹಿಸಲ್ಪಟ್ಟರೆ ಸಾಹಸಪ್ರವಾಸವೆಂಬ ಹೆಸರಿನ ಕೆಳಗೆ ಸೇರಿಹೋಗಿರುವ ಕಾರ್ಯಗಳನ್ನು ಎರಡು ರಾಶಿಯಾಗಿ ವಿಂಗಡಿಸುವುದಕ್ಕೆ ಒರೆಗಲ್ಲೊಂದು ಸಿಕ್ಕಿದಂತಾಯಿತು. ನೊರೆನೀರಿಗೆ ಇಳಿದವನು ತನ್ನ ಮೈಯನ್ನು ಒಡ್ಡಿದ್ದಾನೆ. ಆ ನೊರೆನೀರನ್ನು ನೋಡುತ್ತ ಕುಳಿತಿರುವುದಕ್ಕೆಂದು ಬೆಟ್ಟದ ಬುಡವನ್ನು ಕಡಿಸಿದವನು ಬೆಟ್ಟದ ಕೆಳಗಿನ ಮನೆಯವರ ಮೈಯನ್ನು ಒಡ್ಡಿದ್ದಾನೆ. ಎರಡಕ್ಕೂ ಒಂದೇ ಹೆಸರು ಸಲ್ಲದು.

೩. ನೆಲದ ಸ್ವಭಾವ

ಈ ವಿಂಗಡಣೆಯು ಬರಿಯ ತರ್ಕವಲ್ಲವೆಂಬುದು ಕೊಡಗಿನ ನೆಲದ ಸ್ವಭಾವವನ್ನು ನೋಡಿದರೆ ತಿಳಿಯುತ್ತದೆ. ಬ್ರಹ್ಮಗಿರಿಶ್ರೇಣಿಯಲ್ಲಿ ಸಮುದ್ರಮಟ್ಟದಿಂದ ೧,೨೦೦ ಮೀಟರಿಗೂ ಮಿಕ್ಕ ಎತ್ತರದಲ್ಲಿರುವ ತಲಕಾವೇರಿಯಲ್ಲಿ ನದಿಯು ಹುಟ್ಟಿ, ಭಾಗಮಂಡಲದಲ್ಲಿ ಕನ್ನಿಕೆಯನ್ನೂ, ಗುಪ್ತಗಾಮಿನಿಯೆಂದು ಜನರು ನಂಬಿರುವ ಸುಜ್ಯೋತಿಯನ್ನೂ ಕೂಡಿಕೊಂಡು ಪೂರ್ವಾಭಿಮುಖವಾಗಿ ಹರಿಯುತ್ತದೆ. ಮೈಸೂರು ನಗರದಲ್ಲಿ ಬೀಳುವ ಮಳೆಯು ವರ್ಷಕ್ಕೆ ಸುಮಾರು ೮೦೦ ಮಿಲಿಮೀಟರು. ಭಾಗಮಂಡಲದ ಸುತ್ತಿನಲ್ಲಿ ಅದು ೫,೦೦೦ವನ್ನು ಮೀರುತ್ತದೆ. ಇದರಲ್ಲಿ ಬಹುಭಾಗವು ಜೂನ್ ತಿಂಗಳಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗತಕ್ಕುದು. ಈ ಬೆಟ್ಟಗಳ ಬಂಡೆಯು ಅತಿ ಪುರಾತನವಾದುದು. ಮಳೆಬಿಸಿಲುಗಳಿಂದ ಅದರ ಮೇಲ್ಭಾಗವು ಬಹು ಆಳದ ವರೆಗೆ ಶಿಥಿಲವಾಗಿ ಮಣ್ಣಾಗಿದೆ. ಗಟ್ಟಿಬಂಡೆಯ ಓರೆಯ ಮೇಲೆ ಮಣ್ಣಿನ ದಪ್ಪ ಹೊದಿಕೆಯೊಂದು ಕುಳಿತಿದೆಯೆಂದೂ, ಮರದ ಬೇರುಗಳೂ ಇಳಿಜಾರಿನ ಬುಡವೂ ಸೇರಿ ಅದನ್ನು ಹಿಡಿದುಕೊಂಡಿವೆಯೆಂದೂ ಭಾವಿಸಬಹುದು.

ಮನೆಗೋ ರಸ್ತೆಗೋ ವಾಹನಗಳನ್ನು ನಿಲ್ಲಿಸುವ ಅಂಗಳಕ್ಕೋ ಜೆಸಿಬಿ ಯಂತ್ರದಿಂದ ಇಳಿಜಾರಿನ ಬುಡವನ್ನು ನೆಟ್ಟಗೆ ಕಡಿದರೆ ಹೊದಿಕೆಯ ಆಧಾರವು ತಪ್ಪುತ್ತದೆ. ಬೇಸಗೆಯಲ್ಲಿ ಏನೂ ಆಗುವುದಿಲ್ಲ. ಮಳೆಯು ಹಲವು ದಿನ ಎಡೆಬಿಡದೆ ಸುರಿದಾಗ ಮಣ್ಣಿನ ಸಂದುಗಳಲ್ಲಿ ನೀರು ತುಂಬಿ, ಕಣಕಣಕ್ಕೂ ಇರತಕ್ಕ ಹಿಡಿತವನ್ನು ಸಡಿಲಿಸುತ್ತದೆ, ಭಾರವು ಹೆಚ್ಚುತ್ತದೆ, ಒಂದು ಕ್ಷಣದಲ್ಲಿ ಹೊದಿಕೆಯೆಲ್ಲ ಜಾರಿ ಹೊಳೆಗೆ ಇಳಿಯುತ್ತದೆ. ೨೦೧೮ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಿನ ಮಕ್ಕಂದೂರು, ಮದೆನಾಡು, ಜೋಡುಪಾಲ ಮೊದಲಾದ ಕಡೆಗಳಲ್ಲಿ ಆದುದು ಇದೇ. ಮಳೆಯ ಅತಿಶಯವು ಕಾರಣವೆಂಬುದು ನಿಶ್ಚಯ. ಆದರೆ ಮನುಷ್ಯರು ಇಳಿಜಾರುಗಳನ್ನು ಕಡಿದು ಮಾರ್ಪಡಿಸಿದುದೂ ಮುಖ್ಯ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು ಸ್ಥಳಪರೀಕ್ಷೆಯ ಬಳಿಕ ತಿಳಿಸಿದರು. ೨೦೨೦ರ ಆಗಸ್ಟಿನ ಮೊದಲ ವಾರದಲ್ಲಿ ತಲಕಾವೇರಿಯ ಮೇಲಣ ಗಜಗಿರಿಯೇ ಕುಸಿದು, ಕ್ಷೇತ್ರದ ಅರ್ಚಕರ ಮನೆಯನ್ನು ಮುಚ್ಚಿ ಐವರನ್ನು ಬಲಿಗೊಂಡಿತು. ಬೆಟ್ಟದ ಮೇಲೆ ತೋಡಿದ್ದ ಕಂದಕಗಳ ಪಾತ್ರವೇನೆಂಬುದು ಆಗ ಚರ್ಚೆಗೆ ಬಂದಿತು. ನೆರೆಯ ವಯನಾಡಿನಲ್ಲಿ ೨೦೨೪ರ ಜುಲೈ ೩೦ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಎಂಬ ಊರುಗಳ ಮೇಲೆ ಬೆಟ್ಟವು ಇಳಿದು ೨೦೦ಕ್ಕೂ ಮಿಕ್ಕ ಜನರು ಮಡಿದರು.

ಈ ದುರ್ಘಟನೆಗಳನ್ನೆಲ್ಲ ಪ್ರವಾಸದ ತಲೆಗೆ ಕಟ್ಟುವುದು ನ್ಯಾಯವಲ್ಲ. ತೋಟ, ರಸ್ತೆ, ಬಡಾವಣೆ, ಮರಗಡಿತ ಎಲ್ಲವೂ ಇದರಲ್ಲಿ ಪಾಲುಗಾರರು. ನಮಗೆ ಬೇಕಾದ ತಾತ್ಪರ್ಯವಿಷ್ಟೆ: ಈ ನೆಲವನ್ನು ಮುರಿಯತಕ್ಕುದು ಹೊಳೆಯ ಮೇಲೆ ತೇಲುವ ತೆಪ್ಪವಲ್ಲ, ಬೆಟ್ಟದ ಬುಡವನ್ನು ಕಡಿಯುವ ಕಟ್ಟಡವೂ ಅದಕ್ಕೆ ಹೋಗುವ ದಾರಿಯೂ. ಮಾಂದಲಪಟ್ಟಿಯಂತಹ ಹುಲ್ಲುಬೆಟ್ಟಕ್ಕೆ ದಿನವೆಲ್ಲ ಹತ್ತುವ ಜೀಪುಗಳ ಗಾಲಿಯ ಜಾಡು ಮಳೆಗಾಲದಲ್ಲಿ ಕೊರಕಲಾಗಿ ಮಣ್ಣನ್ನು ಕೆಳಗಿನ ಹೊಳೆಗೆ ಒಯ್ಯುತ್ತದೆ. ಪಶ್ಚಿಮಘಟ್ಟದ ೩೯ ಸ್ಥಳಗಳು ೨೦೧೨ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ತಲಕಾವೇರಿ, ಬ್ರಹ್ಮಗಿರಿ, ಪುಷ್ಪಗಿರಿ ಅಭಯಾರಣ್ಯಗಳೂ ಅದರಲ್ಲಿ ಸೇರಿದುವು. ಪಟ್ಟಿಯು ಕೀರ್ತಿಯನ್ನು ತಂದಿತು; ಕೀರ್ತಿಯು ಜನವನ್ನು ತಂದಿತು.

೪. ಹೊಳೆಯ ಮೇಲಣ ವಿಹಾರ

ಇನ್ನು ಹೊಳೆಯ ವಿಚಾರ. ದಕ್ಷಿಣ ಕೊಡಗಿನಲ್ಲಿ ಬ್ರಹ್ಮಗಿರಿಯಿಂದ ಇಳಿದು ಪಶ್ಚಿಮಕ್ಕೆ ಹರಿದು ಕೇರಳದ ವಳಪಟ್ಟಣಂ ನದಿಯನ್ನು ಸೇರುವ ಬರಪೊಳೆಯು ಮಳೆಗಾಲದಲ್ಲಿ ತೆಪ್ಪದ ವಿಹಾರಕ್ಕೆ ಪ್ರಸಿದ್ಧವಾಗಿದೆ. ನೊರೆನೀರಿನ ಕಾಠಿನ್ಯವನ್ನು ಲೋಕದಲ್ಲೆಲ್ಲ ಆರು ತರಗತಿಗಳಾಗಿ ಎಣಿಸುವ ವಾಡಿಕೆಯುಂಟು. ಬರಪೊಳೆಯಲ್ಲಿ ನಾಲ್ಕನೆಯ ತರಗತಿಯ ವರೆಗಿನ ಧುಮುಕುಗಳಿವೆಯೆಂದು ಬಲ್ಲವರು ಗಣಿಸುತ್ತಾರೆ. ಕುಶಾಲನಗರಕ್ಕೆ ಸಮೀಪದ ದುಬಾರೆಯಲ್ಲಿ ಕಾವೇರಿಯ ಮೇಲೆಯೇ ಇಂತಹ ವಿಹಾರವು ನಡೆಯುತ್ತದೆ. ಅಲ್ಲಿಯ ನೀರು ಸೌಮ್ಯ, ಜನಸಂದಣಿ ಅಧಿಕ. ಉತ್ತರ ಕನ್ನಡದ ಗಣೇಶಗುಡಿಯ ಬಳಿ ಕಾಳಿಯಲ್ಲಿ ನಡೆಯುವುದು ಇನ್ನೊಂದು ಬಗೆ. ಅಲ್ಲಿ ಸೂಪಾ ಅಣೆಕಟ್ಟಿನ ವಿದ್ಯುದಾಗಾರದಿಂದ ನೀರು ಬಿಟ್ಟಾಗ ಹೊಳೆಯು ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ತೆಪ್ಪವು ಋತುವಿಗೆ ಬದಲಾಗಿ ಯಂತ್ರದ ವೇಳಾಪಟ್ಟಿಗೆ ಕಾದಿರುತ್ತದೆ.

ತೆಪ್ಪವು ತುಂಬಿದ ಹೊಳೆಯ ಮೇಲೆ ಜಾರಿಹೋಗುವಾಗ ನದಿಗೆ ಮಾಡುವ ಅಪಕಾರವು ಅಲ್ಪ. ಅದಕ್ಕೆ ಎಂಜಿನ್ನಿಲ್ಲ, ಎಣ್ಣೆಯಿಲ್ಲ, ಹೊಗೆಯಿಲ್ಲ. ಅಪಕಾರವಾಗುವುದು ಅದನ್ನು ಇಳಿಸುವ ಜಾಗದಲ್ಲಿ, ಎತ್ತುವ ಜಾಗದಲ್ಲಿ, ಅದಕ್ಕೆ ಮುನ್ನ ಊಟಮಾಡಿ ರಾತ್ರಿ ತಂಗುವ ಜಾಗದಲ್ಲಿ. ದಡದ ಮರಗಿಡಗಳನ್ನು ಸವರಿ ಜಗಲಿ ಮಾಡಿದರೆ ದಡವು ಕುಸಿಯುತ್ತದೆ. ಶೌಚದ ನೀರು ಹೊಳೆಗೆ ಸೇರುತ್ತದೆ. ರಾತ್ರಿಯ ದೀಪವೂ ಧ್ವನಿವರ್ಧಕವೂ ನೀರುನಾಯಿಯನ್ನೂ ಹಕ್ಕಿಯನ್ನೂ ಓಡಿಸುತ್ತವೆ.

ಈ ವಿವೇಕವು ಹಿಮಾಲಯದ ಗಂಗೆಯ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯ ೨೦೧೫ರ ಡಿಸೆಂಬರಿನ ತೀರ್ಪಿನಲ್ಲಿ ಕಾಣಬರುತ್ತದೆ. ಕೌಡಿಯಾಲದಿಂದ ಹೃಷೀಕೇಶದ ವರೆಗೆ ಗಂಗೆಯ ಮರಳದಿಣ್ಣೆಗಳಲ್ಲಿ ಡೇರೆಗಳ ಬಿಡಾರಗಳು ಹಬ್ಬಿದ್ದುವು. ನ್ಯಾಯಮಂಡಲಿಯು ಬಿಡಾರಗಳನ್ನು ತಡೆದು, ನದಿಯಿಂದ ೧೦೦ ಮೀಟರಿನೊಳಗೆ ಡೇರೆ ಕೂಡದೆಂದು ವಿಧಿಸಿತು. ತೆಪ್ಪದ ವಿಹಾರವನ್ನು ಮಾತ್ರ ನಿಯಮಕ್ಕೊಳಪಡಿಸಿ ಮುಂದುವರಿಯಗೊಟ್ಟಿತು. ನಾವು ಮೇಲೆ ಶಬ್ದಾರ್ಥದಿಂದ ಕಂಡ ಭೇದವನ್ನೇ ಅವರು ಸಾಕ್ಷ್ಯದಿಂದ ಕಂಡರೆಂದು ಹೇಳಬಹುದು.

೫. ಕೌಟಿಲ್ಯನ ನಾವಧ್ಯಕ್ಷನು

ನಿಯಮವು ಹೇಗಿರಬೇಕೆಂಬ ಪ್ರಶ್ನೆಗೆ ನಮ್ಮ ಮೈಸೂರಿನಲ್ಲಿಯೇ ಬೆಳಕಿಗೆ ಬಂದ ಒಂದು ಗ್ರಂಥವು ಉತ್ತರವನ್ನು ಸೂಚಿಸುತ್ತದೆ. ಇಲ್ಲಿಯ ಪ್ರಾಚ್ಯಕೋಶಾಗಾರದ ತಾಳೆಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿ, ೧೯೦೯ರಲ್ಲಿ ಮುದ್ರಿಸಿ ಪ್ರಕಟಿಸಿದುದು ಸರ್ವವಿದಿತ. ಅದರ ಎರಡನೆಯ ಅಧಿಕರಣದ ೨೮ನೆಯ ಅಧ್ಯಾಯವು ನಾವಧ್ಯಕ್ಷನ, ಎಂದರೆ ನಾವೆಗಳ ಅಧಿಕಾರಿಯ, ಕರ್ತವ್ಯಗಳನ್ನು ಹೇಳುತ್ತದೆ. ಅದರಲ್ಲಿ ಐದು ವಿಧಿಗಳು ನಮಗೆ ಉಪಯುಕ್ತ.

ಮೊದಲನೆಯದು, ಅಕಾಲದಲ್ಲಿಯೂ ಅತೀರ್ಥದಲ್ಲಿಯೂ ಹೊಳೆಯನ್ನು ದಾಟತಕ್ಕವನಿಗೆ ಪ್ರಥಮಸಾಹಸದಂಡ. ಎರಡನೆಯದು, ಕಾಲವೂ ಸ್ಥಳವೂ ಸರಿಯಾಗಿದ್ದರೂ ಅಪ್ಪಣೆಯಿಲ್ಲದೆ ದಾಟಿದವನಿಗೆ ಬೇರೊಂದು ದಂಡ. ಮೂರನೆಯದು, ದೊಡ್ಡ ನದಿಗೆ ದೊಡ್ಡ ನಾವೆ, ಮಳೆಗಾಲದಲ್ಲಿ ಮಾತ್ರ ಹರಿಯುವ ಕಿರುಹೊಳೆಗೆ ಕಿರುನಾವೆ. ನಾವೆಯಲ್ಲಿ ಚುಕ್ಕಾಣಿ ಹಿಡಿಯುವವನಿಂದ ನೀರು ಮೊಗೆದುಹಾಕುವವನ ವರೆಗೆ ನಿಯತರಾದ ಆಳುಗಳು. ನಾಲ್ಕನೆಯದು, ಆಳು ಅಥವಾ ಸಲಕರಣೆ ಸಾಲದೆ, ಇಲ್ಲವೆ ದುರಸ್ತಿಯಿಲ್ಲದೆ ನಾವೆಯು ಕೆಟ್ಟರೆ ನಷ್ಟವನ್ನು ನಾವಧ್ಯಕ್ಷನೇ ತುಂಬಿಕೊಡತಕ್ಕುದು. ಐದನೆಯದು, ಬೆಸ್ತರು, ಸೌದೆಹುಲ್ಲು ಹೊರುವವರು, ಹೂಹಣ್ಣಿನ ತೋಟದವರು, ದನಗಾಹಿಗಳು ಇವರಿಗೆ ಈ ದಂಡವಿಲ್ಲ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಕೌಟಿಲ್ಯನು ಕಡವುಗಳನ್ನು ಕಟ್ಟುಮಾಡಿದುದು ರಾಜದ್ರೋಹಿಗಳು ದಾಟಿಹೋಗಬಾರದೆಂಬ ಕಾರಣದಿಂದ. ನದಿಯ ಸಂರಕ್ಷಣೆಯು ಅವನ ಮನಸ್ಸಿನಲ್ಲಿ ಇದ್ದಿತೆಂದು ಹೇಳುವುದು ಗ್ರಂಥಕ್ಕೆ ಅಪಚಾರ. ಪುರಾತನರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ನಾವು ಗ್ರಹಿಸತಕ್ಕುದು ವಿಧಿಯ ಅಂಗಗಳನ್ನು: ಕಾಲ, ತೀರ್ಥ, ಅಪ್ಪಣೆ, ಉಪಕರಣ, ವಿನಾಯಿತಿ. ಈ ಐದರಲ್ಲಿ ಒಂದು ಕೊರತೆಯಾದರೂ ಉಳಿದ ನಾಲ್ಕು ನಿಲ್ಲವು.

ತೀರ್ಥವೆಂಬ ಪದವನ್ನು ಇಲ್ಲಿಯೇ ನೋಡೋಣ. ದಾಟು ಎಂಬರ್ಥದ ತೄ ಧಾತುವಿನಿಂದ ಬಂದ ಈ ಪದಕ್ಕೆ ಮೊದಲ ಅರ್ಥ ಹೊಳೆಗೆ ಇಳಿಯಲು, ದಾಟಲು ತಕ್ಕುದಾದ ಜಾಗ, ಎಂದರೆ ಕಡವು; ಪುಣ್ಯಸ್ಥಳವೆಂಬುದು ಅನಂತರದ್ದು. ಕನ್ನಡದಲ್ಲಿ ಮಲೆಸಾಲಿಗೂ ಹೊಳೆಯ ಸೋಪಾನಕ್ಕೂ ಘಟ್ಟವೆಂಬ ಒಂದೇ ಹೆಸರಿರುವುದು ಇದಕ್ಕೆ ಸಂವಾದಿಯಾಗಿದೆ: ಎರಡೂ ಏರಿಳಿಯುವ ಮೆಟ್ಟಿಲು. ಅಂತು ತೀರ್ಥವೆಂದೊಡನೆ ಅತೀರ್ಥವೂ ಉಂಟೆಂದಾಯಿತು. ಇಡೀ ನದಿಯು ಎಲ್ಲರೂ ಎಲ್ಲೆಂದರಲ್ಲಿ ಇಳಿಯತಕ್ಕುದಲ್ಲ. ಇಳಿಯತಕ್ಕ ಜಾಗಗಳು ಕೆಲವು, ಬಿಡತಕ್ಕ ಜಾಗಗಳು ಬಹಳ. ಕೊಡಗಿನ ದೇವರಕಾಡುಗಳ ತತ್ತ್ವವೂ ಇದೇ. ಇಂದಿಗೂ ೧,೨೧೪ ದೇವರಕಾಡುಗಳು ಸುಮಾರು ೨,೫೫೦ ಹೆಕ್ಟೇರುಗಳಲ್ಲಿ ಹರಡಿ ಲೆಕ್ಕದಲ್ಲಿವೆ; ಅವು ಉಳಿದುದು ಪ್ರವೇಶಕ್ಕೆ ಕಾಲವನ್ನೂ ಕ್ರಮವನ್ನೂ ಊರವರೇ ಕಟ್ಟುಮಾಡಿದ್ದುದರಿಂದ.

ಕಾಲದ ವಿಷಯದಲ್ಲಿ ಸಂಪ್ರದಾಯದ ದೃಷ್ಟಾಂತವು ಸ್ಪಷ್ಟವಾಗಿದೆ. ತಲಕಾವೇರಿಗೆ ಜನಸಮುದ್ರವು ಸೇರುವುದು ತುಲಾಸಂಕ್ರಮಣದಲ್ಲಿ, ಎಂದರೆ ಅಕ್ಟೋಬರ್ ಮಧ್ಯದಲ್ಲಿ. ಅಷ್ಟು ಹೊತ್ತಿಗೆ ಮುಂಗಾರಿನ ಆರ್ಭಟವು ಇಳಿದಿರುತ್ತದೆ. ಬೆಟ್ಟವು ನೀರನ್ನು ಬಸಿದುಕೊಂಡು ನಿಂತಿರುತ್ತದೆ. ಮಳೆಯ ನಡುವೆ ಈ ಬೆಟ್ಟದ ಮೇಲೆ ಜಾತ್ರೆಯಿಲ್ಲ. ತೆಪ್ಪದ ವಿಹಾರಕ್ಕಾದರೋ ಮಳೆಗಾಲವೇ ಕಾಲ. ಅದನ್ನು ಬೇಸಗೆಗೆ ತಳ್ಳಿದರೆ ವಿಹಾರವೇ ಇಲ್ಲ. ಆದಕಾರಣ ಇಲ್ಲಿ ಕಾಲನಿಯಮವೆಂದರೆ ತಿಂಗಳಿನ ನಿಯಮವಲ್ಲ, ನೀರಿನ ಮಟ್ಟದ ನಿಯಮ: ಇಷ್ಟು ಅಡಿ ಏರಿದರೆ ತೆಪ್ಪವಿಲ್ಲ, ಇಷ್ಟು ಮಳೆ ಸುರಿದರೆ ಬೆಟ್ಟದ ದಾರಿಗೆ ವಾಹನವಿಲ್ಲವೆಂದು ಅಳತೆಗೋಲನ್ನು ನೆಟ್ಟು ಮೊದಲೇ ಸಾರಬೇಕು. ವಾರಾಂತ್ಯದ ಗಿರಾಕಿಗಳು ಬಂದು ನಿಂತ ಮೇಲೆ ನಿರ್ಣಯಿಸುವುದು ನಿರ್ಣಯವಲ್ಲ.

ಅಪ್ಪಣೆಯ ವಿಷಯದಲ್ಲಿ ನಮ್ಮ ನಾಡು ಒಂದು ಹೆಜ್ಜೆಯನ್ನು ಇಟ್ಟಿದೆ. ಕುಮಾರಧಾರೆಯು ಹುಟ್ಟುವ ೧,೭೧೨ ಮೀಟರ್ ಎತ್ತರದ ಕುಮಾರಪರ್ವತದಲ್ಲಿ ೨೦೨೪ರ ಜನವರಿಯಲ್ಲಿ ಚಾರಣಿಗರ ಸಂದಣಿಯು ಮಿತಿಮೀರಿದಾಗ ಅರಣ್ಯ ಇಲಾಖೆಯವರು ಚಾರಣವನ್ನು ತಡೆದು, ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ವೆಂಬ ಮುಂಗಡ ನೋಂದಣಿಯ ವ್ಯವಸ್ಥೆಯನ್ನು ತಂದು, ಒಂದೊಂದು ಜಾಡಿಗೆ ದಿನಕ್ಕೆ ೩೦೦ ಜನರೆಂದು ಮಿತಿಗೊಳಿಸಿದರು. ಅಮೆರಿಕದ ಕೊಲರಾಡೊ ನದಿಯ ಮಹಾಕಂದರದಲ್ಲಿ ೧೯೭೦ರ ದಶಕದಿಂದಲೇ ತೆಪ್ಪಗಳ ಸಂಖ್ಯೆಗೆ ಮಿತಿಯುಂಟು. ಸ್ವಂತವಾಗಿ ಹೋಗುವವರಿಗೆ ೨೦೦೬ರಿಂದ ಚೀಟಿ ಎತ್ತಿ ಸರದಿ ಕೊಡುತ್ತಾರೆ. ಹೋದವರು ತಮ್ಮ ಮಲವನ್ನು ಸಹ ಡಬ್ಬಿಯಲ್ಲಿ ತುಂಬಿ ಹೊರಕ್ಕೆ ಒಯ್ಯತಕ್ಕುದು. ಹೊಳೆಯನ್ನು ಮಲಿನಗೊಳಿಸಬಾರದೆಂದು ನಮ್ಮ ಸ್ಮೃತಿಗಳು ವಿಧಿಸಿದುದನ್ನು ಬಲ್ಲವರಿಗೆ ಈ ನಿಯಮವು ಪರಕೀಯವಾಗಿ ತೋರದು. ವಿಧಿಯು ನಮ್ಮಲ್ಲಿಯೂ ಇದೆ, ಡಬ್ಬಿಯು ಅವರಲ್ಲಿದೆ.

೬. ಬಿಳಿಮೀನಿನ ದೃಷ್ಟಾಂತ

ನಿಷೇಧವೊಂದೇ ಸಂರಕ್ಷಣೆಯ ಮಾರ್ಗವೆಂದು ನಂಬುವವರು ಕಾವೇರಿಯ ಮಹಶೀರ್ ಮೀನಿನ ಚರಿತ್ರೆಯನ್ನು ನೋಡಬೇಕು. ಇದಕ್ಕಾಗಿ ಕೊಡಗನ್ನು ಬಿಟ್ಟು ಅದೇ ನದಿಯಲ್ಲಿ ಕೆಳಗಿಳಿದು, ಶಿವನಸಮುದ್ರದಿಂದಾಚೆಗೆ ಭೀಮೇಶ್ವರಿಯ ಕಾಡಿಗೆ ಹೋಗತಕ್ಕುದು. ಬೆನ್ನು ಉಬ್ಬಿದ ಈ ಮಹಾಮತ್ಸ್ಯವು ಕಾವೇರಿಯ ಕಣಿವೆಯಲ್ಲಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಬಿನಿಯಲ್ಲಿ ೧೨೦ ಪೌಂಡು ತೂಕದ ಮೀನನ್ನು ಗಾಳಹಾಕಿ ಹಿಡಿದುದು ಇಂದಿಗೂ ಪ್ರಸಿದ್ಧವಾದ ದಾಖಲೆ. ಮುಂದೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳದ ಬಿಡಾರಗಳು ಏರ್ಪಟ್ಟುವು. ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮರಳಿ ಹೊಳೆಗೆ ಬಿಡತಕ್ಕುದೆಂಬುದು ಅಲ್ಲಿಯ ಕಟ್ಟಳೆ. ೧೯೭೨ರ ವನ್ಯಜೀವಿ ಸಂರಕ್ಷಣಶಾಸನದ ಅನ್ವಯದಿಂದ ಅಭಯಾರಣ್ಯದೊಳಗಿನ ಈ ವಿನೋದವು ಅನಂತರ ನಿಂತಿತು.

ಶಾಸನದ ಪಕ್ಷಕ್ಕೆ ಬಲವುಂಟು. ಅಭಯವನದಲ್ಲಿರುವ ಮೃಗಪಕ್ಷಿಗಳೊಡನೆ ಮೀನುಗಳನ್ನೂ ಹೆಸರಿಸಿ, ಅವನ್ನು ಕಟ್ಟಿದವನಿಗೂ ಕೊಂದವನಿಗೂ ಉತ್ತಮದಂಡವನ್ನು ಕೌಟಿಲ್ಯನೇ ವಿಧಿಸಿದ್ದಾನೆ. ಕಾವೇರಿಯ ರಾಮನಾಥಪುರದಲ್ಲಿಯೂ ತುಂಗೆಯ ಶೃಂಗೇರಿಯಲ್ಲಿಯೂ ಗಾಳವಿಲ್ಲದ ನೀರಿನಲ್ಲಿ ಮೀನುಗಳು ಭಯವಿಲ್ಲದೆ ಮನುಷ್ಯರ ಕೈಯ ಬಳಿಗೆ ಬರುತ್ತವೆ. ಆದರೆ ಪ್ರತಿಪಕ್ಷಕ್ಕೂ ಬಲವುಂಟು. ಗಾಳಗಾರರು ೧೯೯೮ರಿಂದ ೨೦೧೨ರ ವರೆಗೆ ಬರೆದಿಟ್ಟ ಲೆಕ್ಕದ ಪುಸ್ತಕಗಳಿಂದಲೇ ಒಂದು ಗೂಢಸಂಗತಿಯು ಹೊರಬಿದ್ದಿತು: ಹೊರಗಿನಿಂದ ತಂದು ಸಾಕಿ ಹೊಳೆಗೆ ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತ, ನಾಡಿನ ಮಹಶೀರ್ ಅಳಿವಿನಂಚಿಗೆ ಸರಿದಿತ್ತು. ಸದುದ್ದೇಶದಿಂದ ಮ��ನು ಬಿಟ್ಟವರಿಗೆ ಇದು ತಿಳಿದಿರಲಿಲ್ಲ. ಜನರು ಬಹುಕಾಲದಿಂದ ಬಲ್ಲ ಈ ಮೀನಿಗೆ ಶಾಸ್ತ್ರೀಯನಾಮವು ನಿಶ್ಚಯವಾದುದೇ ೨೦೧೮ರಲ್ಲಿ. ಅದೇ ವರ್ಷ ಅದು ತೀವ್ರವಾಗಿ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿತು.

ಇದರಿಂದ ಸಿದ್ಧವಾಗುವುದೇನು? ಕಟ್ಟಳೆಗೆ ಒಳಪಟ್ಟು ಲೆಕ್ಕವಿಡುವ ಸಾಹಸಿಯು ಹೊಳೆಗೆ ಕಣ್ಣೂ ಆಗಬಲ್ಲನು. ಆದುದರಿಂದ ತೆಪ್ಪದವರನ್ನೂ ಚಾರಣದ ದಾರಿತೋರುವವರನ್ನೂ ನದಿಯ ಲೆಕ್ಕಿಗರನ್ನಾಗಿ ಮಾಡುವುದು ಉಚಿತ. ಅವರು ದಿನದಿನವೂ ಹೊಳೆಯನ್ನು ನೋಡುವವರು. ನೀರಿನ ಬಣ್ಣ, ದಡದ ಕುಸಿತ, ಸತ್ತ ಮೀನು, ಹೊಸ ಕೊರಕಲು, ಇವುಗಳನ್ನು ಬರೆದಿಡುವ ಕಟ್ಟಳೆಯು ಅಪ್ಪಣೆಯ ಅಂಗವಾಗಬೇಕು.

೭. ಶಂಕೆ, ಸಮಾಧಾನ

ಇಷ್ಟೆಲ್ಲ ವಿಧಿಗಳನ್ನು ಹೇರಿದರೆ ಬಡವರ ಬದುಕು ಏನಾಗಬೇಕೆಂಬುದು ಮುಖ್ಯವಾದ ಶಂಕೆ. ಕಾಫಿಮೆಣಸುಗಳ ಧಾರಣೆಯು ಕುಸಿದ ವರ್ಷಗಳಲ್ಲಿ ಮನೆಯ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟು ಸಾಲ ತೀರಿಸಿದ ಕುಟುಂಬಗಳು ಉಂಟು. ತೆಪ್ಪದ ಹುಟ್ಟು ಹಿಡಿಯತಕ್ಕವರು ಆ ನಾಡಿನ ಹುಡುಗರೇ. ದುಬಾರೆಯ ಆನೆಗಳನ್ನು ನೋಡಿಕೊಳ್ಳುವ ಮಾವುತರು ಬಹುಮಟ್ಟಿಗೆ ಜೇನುಕುರುಬರು. ೨೦೧೬ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಗಿರಿಜನರ ಗುಡಿಸಲುಗಳನ್ನು ಅರಣ್ಯಭೂಮಿಯೆಂಬ ಕಾರಣದಿಂದ ಕೆಡವಿದುದನ್ನು ಬಲ್ಲವರು, ಕಾಡಿನ ನಿಯಮವು ಕಾಡಿನವನಿಗೆ ಮಾತ್ರವೇ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಇಲ್ಲಿ ಕೌಟಿಲ್ಯನ ಐದನೆಯ ವಿಧಿಯೂ ಯಾಜ್ಞವಲ್ಕ್ಯನ ದಂಡತಾರತಮ್ಯವೂ ಉಪಯೋಗಕ್ಕೆ ಬರುತ್ತವೆ. ಹೊಳೆಯ ದಡದಲ್ಲಿಯೇ ಜೀವಿಸತಕ್ಕವರಿಗೂ ಹೊರಗಿನಿಂದ ವಿಹಾರಕ್ಕೆ ಬರತಕ್ಕವರಿಗೂ ಒಂದೇ ನಿಯಮವು ನ್ಯಾಯವಲ್ಲ. ಇದ್ದ ಮನೆಯಲ್ಲಿ ಎರಡು ಕೋಣೆ ಕೊಟ್ಟವನೂ, ಇಳಿಜಾರನ್ನು ಕಡಿಸಿ ಐವತ್ತು ಕೋಣೆಗಳ ರೆಸಾರ್ಟು ಕಟ್ಟಿಸಿದವನೂ ಒಂದೇ ಪಟ್ಟಿಯಲ್ಲಿ ಬರಬಾರದು. ದುರಂತವಾದಾಗ ನಾವು ಮೊದಲು ನಿಲ್ಲಿಸುವುದು ತೆಪ್ಪವನ್ನು, ಏಕೆಂದರೆ ಅದನ್ನು ನಿಲ್ಲಿಸುವುದು ಸುಲಭ. ಒಂದು ಆಜ್ಞೆ ಸಾಕು. ಬೆಟ್ಟವನ್ನು ಕಡಿದ ಕಟ್ಟಡವು ಆಜ್ಞೆಯಿಂದ ಮರಳಿ ಬೆಟ್ಟವಾಗುವುದಿಲ್ಲ. ಹೀಗೆ ಹುಟ್ಟು ಹಿಡಿದವನು ಕೆಲಸವನ್ನು ಕಳೆದುಕೊಳ್ಳುತ್ತಾನೆ. ಹಣವನ್ನು ಹೂಡಿ ಮಾಡಿಸಿದವನು ಊರಿನಲ್ಲಿಯೇ ಇಲ್ಲ. ಸ್ಮೃತಿಕಾರರು ಮಾಡಿಸಿದವನಿಗೆ ಇಮ್ಮಡಿಯನ್ನೂ ಹಣದಿಂದ ಪ್ರೇರಿಸಿದವನಿಗೆ ನಾಲ್ಮಡಿಯನ್ನೂ ವಿಧಿಸಿದುದರ ಮರ್ಮವು ಇಲ್ಲಿ ಸ್ಫುಟವಾಗುತ್ತದೆ. ನಾವು ನಡೆಸುತ್ತಿರುವುದು ಅದಕ್ಕೆ ವಿಪರೀತ.

ನಿಯಮವಿರುವ ಕಡೆ ಜನರು ಬರುವುದಿಲ್ಲವೆಂಬ ಎರಡನೆಯ ಶಂಕೆಗೆ ಕೊಲರಾಡೊ ನದಿಯ ಚೀಟಿಯೇ ಉತ್ತರ. ಬರಲು ಇಚ್ಛಿಸುವವರು ಮಿತಿಗಿಂತ ಹೆಚ್ಚಾಗಿರುವುದರಿಂದಲೇ ಅಲ್ಲಿ ಚೀಟಿ ಎತ್ತಬೇಕಾಗಿದೆ.

೮. ಉಪಸಂಹಾರ

ಮೇಲಣ ವಿಚಾರದಿಂದ ನಿಷ್ಪನ್ನವಾದುದನ್ನು ಸಂಗ್ರಹಿಸಿ ಹೇಳುವುದಾದರೆ: ಸಾಹಸಪ್ರವಾಸವನ್ನು ಒಂದೇ ಪದಾರ್ಥವೆಂದು ಭಾವಿಸಿ ಅದಕ್ಕೂ ಸಂರಕ್ಷಣೆಗೂ ನಡುವೆ ಮಧ್ಯಮಾರ್ಗವನ್ನು ಹುಡುಕುವುದು ನಿಷ್ಫಲ. ಮೊದಲು ವಿಂಗಡಿಸಬೇಕು. ತನ್ನ ಮೈಯನ್ನು ಒಡ್ಡುವ ಸಾಹಸಕ್ಕೆ ಕಾಲ, ತೀರ್ಥ, ಅಪ್ಪಣೆ, ಉಪಕರಣಗಳ ಕಟ್ಟನ್ನು ಹಾಕಿ ಸ್ಥಳೀಯರ ಕೈಯಲ್ಲಿ ಉಳಿಸಬೇಕು. ಎಲ್ಲರಿಗೂ ಸೇರಿದ ಬೆಟ್ಟವನ್ನೂ ನೀರನ್ನೂ ಒಡ್ಡುವ ಸಾಹಸವನ್ನು ಶಾಸ್ತ್ರವು ಯಾವ ಹೆಸರಿನಿಂದ ಕರೆಯಿತೋ ಆ ಹೆಸರಿನಿಂದಲೇ ಕರೆದು, ಮಾಡಿದವನಿಗಿಂತ ಮಾಡಿಸಿದವನನ್ನು ಮೊದಲು ಹಿಡಿಯಬೇಕು. ಇವೆರಡರ ನಡುವೆ ತೂಗತಕ್ಕುದೇನೂ ಇಲ್ಲ.

ಈ ಪ್ರಶ್ನೆಯಲ್ಲಿ ಮೈಸೂರಿನವರು ತಟಸ್ಥರಲ್ಲ. ನಮ್ಮ ನಗರದ ನಲ್ಲಿಗಳಲ್ಲಿ ಬರುವುದು ಕಾವೇರಿಕಬಿನಿಗಳ ನೀರು. ಶನಿವಾರ ಬೆಳಗ್ಗೆ ಹುಣಸೂರಿನ ದಾರಿಯಲ್ಲಿ ಕೊಡಗಿನ ಕಡೆಗೆ ಸಾಲುಗಟ್ಟುವ ವಾಹನಗಳಲ್ಲಿ ನಮ್ಮವೂ ಉಂಟು. ಕುಡಿಯುವವರೂ ಕಲಕುವವರೂ ನಾವೇ. ಅಧ್ಯಾಪಕರು ತರಗತಿಯಲ್ಲಿ ರನ್ನನ ಕಾವ್ಯದ ಹೆಸರನ್ನು ವಿವರಿಸುವ ದಿನ, ಸಾಹಸವೆಂಬ ಪದಕ್ಕೆ ವ್ಯವಹಾರಶಾಸ್ತ್ರದಲ್ಲಿರುವ ಇನ್ನೊಂದು ಅರ್ಥವನ್ನೂ ತಿಳಿಸಿದರೆ, ಕೇಳಿದ ವಿದ್ಯಾರ್ಥಿಗಳಲ್ಲಿ ಯಾರಾದರೂ ಮುಂದೊಂದು ದಿನ ಬೆಟ್ಟದ ಬುಡದಲ್ಲಿ ಯಂತ್ರದೊಡನೆ ನಿಂತಾಗ ಆ ಅರ್ಥವು ನೆನಪಿಗೆ ಬರಬಹುದು. ಇಷ್ಟನ್ನು ವಿದ್ವಜ್ಜನರ ಪರಾಮರ್ಶೆಗೆ ಒಪ್ಪಿಸಿದ್ದೇನೆ.